ಆರದ ದೀಪ, ಆರೂವರೆ ಸಾವಿರದ ಸ್ಕ್ಯಾನರ್

ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಏರ್‌ಬ್ಯಾಗ್ ದೀಪ ಹತ್ತುತ್ತದೆ. ಹಿಂದಿನ ಸೀಟಿನಿಂದ ಮಗಳು ಎಣಿಸುತ್ತಾಳೆ. ಆರಕ್ಕೆ ಆರುತ್ತದೆ. ಆಮೇಲೇ ಶಾಲೆಗೆ ಹೊರಡುವುದು.

ಹೋದ ಮಳೆಗಾಲದಲ್ಲಿ ಅದು ಅರವತ್ತು ಎಣಿಸಿದರೂ ಆರಲಿಲ್ಲ. ಕಾರು 2013ರದ್ದು, ಸೆಕೆಂಡ್ ಹ್ಯಾಂಡ್. ಊರಿನ ಒಂದು ಗ್ಯಾರೇಜಿನವರು "ಬಲ್ಬ್ ತೆಗೆದುಬಿಡ್ಲಾ ಸರ್? ಕಿರಿಕಿರಿ ಇರೂದಿಲ್ಲ" ಅಂದರು. ಆ ದೀಪ ಉರಿಯುತ್ತಿದ್ದರೆ ಅಪಘಾತದಲ್ಲಿ ಪಕ್ಕದ ಏರ್‌ಬ್ಯಾಗಷ್ಟೇ ಅಲ್ಲ, ಮುಂದಿನದೂ ಬಿಚ್ಚದೇ ಹೋಗಬಹುದು. ತಿಂಗಳಿಗೆರಡು ಸಲ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವವನು ನಾನು. ಇನ್ನೊಂದು ಕಡೆ ಕಾರಿನ ಬಾಗಿಲನ್ನೂ ತೆರೆಯದೆ "ಸೆನ್ಸರ್ ಹೋಗಿದೆ, 11,000" ಅಂದರು. ಸಿಟ್ಟಿಗೆ, ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡು ಓದುವ ಈ ಸ್ಕ್ಯಾನರ್ ತರಿಸಿದೆ. ಅದಕ್ಕೂ ಮೊದಲು 700 ರೂಪಾಯಿಯ ಬ್ಲೂಟೂತ್ ಡಬ್ಬಿ ಕೊಂಡು ಮೋಸಹೋಗಿದ್ದೆ. ಅದು ಓದುವುದು ಎಂಜಿನ್ನಿನ ಕೋಡು ಮಾತ್ರ. ಕೊಳ್ಳುವಾಗ ನಿಮ್ಮ ಮಾಡೆಲಿನ ಏರ್‌ಬ್ಯಾಗ್ ಕೋಡು ಓದುತ್ತದೆಯೇ ಕೇಳಿ. ಬಾಕಿ ವಿವರ ಡಬ್ಬದ ಮೇಲೇ ಇದೆ.

ಮೊದಲ ವಾರ ಇದನ್ನು ಬೈದದ್ದೇ ಬಂತು. ಬಿಸಿಲಲ್ಲಿ ಪರದೆ ಕಾಣುವುದಿಲ್ಲ, ಟವೆಲ್ ಹೊದ್ದುಕೊಂಡು ಓದಬೇಕು. ವಯರು ಗಿಡ್ಡ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಬಂದದ್ದು ಒಂದೇ ಸಾಲು: ಬಲಗಡೆ ಮುಂದಿನ ಪಕ್ಕದ ಸೆನ್ಸರ್, ಸಂಪರ್ಕವಿಲ್ಲ. ಆ ಕೋಡನ್ನು ಅಳಿಸಿದೆ. ಮರುಕ್ಷಣ ಮತ್ತೆ ಬಂತು. ಅಂದರೆ ಹಳೇ ನೆನಪಲ್ಲ, ದೋಷ ಈಗಲೂ ಇದೆ. ಹಾಗಾದರೆ 11,000 ಕೇಳಿದವರು ಹೇಳಿದ್ದೇ ಸರಿಯಾ ಅಂತ ಹೊಟ್ಟೆ ಉರಿಯಿತು.

ಹೊಸ ಸೆನ್ಸರಿಗೆ ದುಡ್ಡು ಕಟ್ಟುವ ಮೊದಲು ಅಂಕೋಲೆಯ ಪರಿಚಯದ ಎಲೆಕ್ಟ್ರಿಶಿಯನ್‌ಗೆ ತೋರಿಸಿದೆ. "ಸಂಪರ್ಕವಿಲ್ಲ ಅಂದ್ರೆ ಸೆನ್ಸರ್ ಸತ್ತಿದೆ ಅಂತಲ್ಲ ಮಾರಾಯ್ರೆ" ಅಂದರು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಒಳಗೆ ಉಳಿದ ಕರೆಂಟು ಇಳಿಯಲಿ ಎಂದು ನನ್ನನ್ನೂ ಕರೆದುಕೊಂಡು ಚಾ ಕುಡಿಯಲು ಹೋದರು. ಬ್ಯಾಗಿನ ಹಳದಿ ಕನೆಕ್ಟರಿಗೆ ಮಲ್ಟಿಮೀಟರ್ ಮುಟ್ಟಿಸಬಾರದು, ಆ ಸಣ್ಣ ಕರೆಂಟಿಗೇ ಬ್ಯಾಗು ಸಿಡಿಯಬಹುದು ಎಂಬುದು ಆ ಚಾದ ಹೊತ್ತಿಗೆ ಸಿಕ್ಕ ಪಾಠ. ಬಂದು ಎರಡು ಬಾಗಿಲ ನಡುವಿನ ಕಂಬದ ಬುಡದ ಮುಚ್ಚಳ ತೆಗೆದರು. ಸೆನ್ಸರಿನ ಪಿನ್ನಿಗೆ ದೇವರ ಮನೆಯ ತಾಮ್ರದ ಚೊಂಬಿಗೆ ಹಿಡಿದ ಹಾಗೆ ಹಸಿರು ಕಿಲುಬು. ಕಾರ್ಪೆಟ್ ಎತ್ತಿದರೆ ಕೆಳಗಿನ ಸ್ಪಂಜು ಒದ್ದೆ. ಅವರು ಮೂಸಿ ನೋಡಿ ಕೇಳಿದರು:

"ಬಂಗಡೆಯಾ?"

ಹೌದು. ಪ್ರತಿ ಭಾನುವಾರ ಮೀನು ಪೇಟೆಯಿಂದ ಐಸ್ ತುಂಬಿದ ಥರ್ಮೋಕೋಲ್ ಪೆಟ್ಟಿಗೆ ತಂದು ಡ್ರೈವರ್ ಸೀಟಿನ ಹಿಂದೆ ಇಡುವುದು ನನ್ನ ಅಭ್ಯಾಸ. ಕಾರವಾರದ ಉಪ್ಪು ಗಾಳಿ ಸಾಲದು ಅಂತ ಉಪ್ಪು ನೀರನ್ನೂ ನಾನೇ ಕುಡಿಸಿದ್ದೆ. ಕ್ಲೀನರ್ ಸ್ಪ್ರೇ, ಹಳೇ ಟೂತ್‌ಬ್ರಶ್, ಅರ್ಧ ಗಂಟೆ, ಕೂಲಿ 400. ಬ್ಯಾಟರಿ ಜೋಡಿಸಿ ಕೋಡು ಅಳಿಸಿದೆ. ಮತ್ತೆ ಬರಲಿಲ್ಲ.

ಈಗ ಪರದೆಯ ಮೇಲೆ ಅಷ್ಟು ಸಿಟ್ಟಿಲ್ಲ. ಓಣಿಯಲ್ಲಿ ಯಾರ ಕಾರಿನ ದೀಪ ಹತ್ತಿದರೂ ನಮ್ಮ ಮನೆಗೇ ಬರುತ್ತಾರೆ. ಐದಕ್ಕೆ ಮೂರೂವರೆ ಸ್ಟಾರ್. ಗಿಡ್ಡ ವಯರಿಗೆ ಅರ್ಧ ಕಳೆದದ್ದು. ಮೀನಿನ ಪೆಟ್ಟಿಗೆ ಡಿಕ್ಕಿಗೆ ಹೋಗಿದೆ, ಅಡಿಗೊಂದು ಸ್ಟೀಲ್ ಪರಾತ ಇಟ್ಟಿದ್ದೇನೆ. ಪರಾತ ಅಡುಗೆಮನೆಯದು, ಅದರ ಗಲಾಟೆ ಇನ್ನೂ ಮುಗಿದಿಲ್ಲ.