ಮುದ್ರಣದಂಗಡಿಯಲ್ಲಿ ಮೂರು ವರ್ಷದ ಸಾಂಬಾ

ತುಮಕೂರಿನ ಅಶೋಕ ರಸ್ತೆಯ ಬಳಿ ನಮ್ಮದು ಲಗ್ನಪತ್ರಿಕೆ, ಕರಪತ್ರ ಮುದ್ರಿಸುವ ಸಣ್ಣ ಅಂಗಡಿ. ವಿಂಡೋಸ್ ಹೋಮ್ ಇರುವ ಎರಡು ಕಂಪ್ಯೂಟರ್, ಉಬುಂಟು (ಲಿನಕ್ಸ್‌ನ ಒಂದು ಬಗೆ) ಇರುವ ನನ್ನದೊಂದು, ಇಷ್ಟರ ಕಡತಗಳನ್ನೆಲ್ಲ ಹೊತ್ತು ಮೂಲೆಯಲ್ಲಿ ಕುಳಿತಿರುವ ಹಳೆಯ ಉಬುಂಟು ಸರ್ವರ್ ಒಂದು.

ಆ ಕಡತಗಳನ್ನು ಎಲ್ಲ ಯಂತ್ರಗಳಿಂದಲೂ ಬಳಸಲು ಮೂರು ದಾರಿ ನೋಡಿ, ಕಡೆಗೆ ಸಾಂಬಾ ಹಿಡಿದೆ. ಮೊದಲು ಎಫ್‌ಟಿಪಿ ಇಟ್ಟಿದ್ದೆ, ಕಡತಗಳನ್ನು ಜಾಲದ ಮೂಲಕ ಸಾಗಿಸುವ ಹಳೆಯ ವಿಧಾನ. ಅದರಲ್ಲಿ ಕಡತವನ್ನು ಇಳಿಸಿಕೊಂಡು, ತಿದ್ದಿ, ಮತ್ತೆ ಏರಿಸಬೇಕು. ಒಮ್ಮೆ ನಾನು ಒಂದು ಪತ್ರಿಕೆಯ ಮುಹೂರ್ತದ ವೇಳೆ ತಿದ್ದಿದೆ. ಅದೇ ಹೊತ್ತಿಗೆ ನಮ್ಮ ಹುಡುಗ ತಾನು ಇಳಿಸಿಕೊಂಡಿದ್ದ ಪ್ರತಿಯಲ್ಲಿ ವರನ ಸೋದರಮಾವನ ಹೆಸರು ಸೇರಿಸಿದ. ನಾನು ಏರಿಸಿದ ಮೇಲೆ ಅವನು ಏರಿಸಿದ. ಐನೂರು ಪತ್ರಿಕೆಗಳು ಸೋದರಮಾವನನ್ನೂ ಹಳೆಯ ಮುಹೂರ್ತವನ್ನೂ ಹೊತ್ತು ಹೊರಬಂದವು. ಮರುಮುದ್ರಣದ ಖರ್ಚು ನನ್ನ ತಲೆಗೇ ಬಂತು.

ಬಳಿಕ ಎನ್‌ಎಫ್‌ಎಸ್, ಇನ್ನೊಂದು ಯಂತ್ರದ ಫೋಲ್ಡರನ್ನು ನಮ್ಮದೇ ಎಂಬಂತೆ ಬಳಸಲು ಬಿಡುವ ವಿಧಾನ. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ತಂದದ್ದು. ಲಿನಕ್ಸ್ ಯಂತ್ರಗಳ ನಡುವೆ ಹಾಯಾಗಿ ಓಡುತ್ತದೆ. ಆದರೆ ವಿಂಡೋಸ್ ಹೋಮ್‌ನಲ್ಲಿ ಅದಕ್ಕೆ ಜೋಡಿಸಿಕೊಳ್ಳುವ ತಂತ್ರಾಂಶವೇ (ಕ್ಲೈಂಟ್) ಇಲ್ಲ. ಸಾಲದ್ದಕ್ಕೆ, ಸಾಮಾನ್ಯ ಜೋಡಣೆಯಲ್ಲಿ ಅದು ಬಳಕೆದಾರನ ಹೆಸರನ್ನು ಕೇಳುವುದಿಲ್ಲ, ಸಂಖ್ಯೆಯನ್ನು ನೋಡುತ್ತದೆ. ನನ್ನ ಯಂತ್ರದಲ್ಲಿ ನಾನು 1000, ಸರ್ವರ್‌ನಲ್ಲಿ ಹುಡುಗ 1000. ನಾನು ಉಳಿಸಿದ್ದೆಲ್ಲ ಅವನ ಖಾತೆಗೆ ಜಮೆ!

ಕಡೆಗೆ ನೆಲೆ ನಿಂತದ್ದು ಎಸ್‌ಎಂಬಿ, ಕಡತ ಹಂಚಲು ವಿಂಡೋಸ್ ತಾನೇ ಬಳಸುವ ವಿಧಾನ. ಲಿನಕ್ಸ್‌ನಲ್ಲಿ ಅದನ್ನು ನಡೆಸುವ ತಂತ್ರಾಂಶದ ಹೆಸರು ಸಾಂಬಾ. ಮೊಳೆ ಜೋಡಣೆಯ ಕಾಲದಿಂದ ನಮ್ಮಲ್ಲಿರುವ ಹಿರಿಯರು ಅದು ಸಾಂಬಶಿವನ ಹೆಸರೆಂದೇ ನಂಬಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ವಿಂಡೋಸ್‌ನಲ್ಲಿ ಇನ್ನೊಂದು ಡ್ರೈವ್‌ನಂತೆ ಕಾಣುತ್ತದೆ, ಕಡತವನ್ನು ಅಲ್ಲಿಯೇ ತೆರೆದು ತಿದ್ದಬಹುದು. ಒಬ್ಬರು ತೆರೆದಿಟ್ಟ ವರ್ಡ್ ಕಡತಕ್ಕೆ ಇನ್ನೊಬ್ಬರು ಕೈ ಹಾಕಿದರೆ ಬಳಕೆಯಲ್ಲಿದೆ ಎಂದು ತಡೆಯುತ್ತದೆ. ಮೂರು ವರ್ಷಗಳಲ್ಲಿ ಮುಹೂರ್ತ ತಪ್ಪಿಲ್ಲ.

ವೇಗಕ್ಕಾಗಿ ಮಾತ್ರ ಆರು ತಿಂಗಳು ಅದನ್ನು ಬೈದೆ. ಸೆಕೆಂಡಿಗೆ 11 ಎಂಬಿ ದಾಟುತ್ತಿರಲಿಲ್ಲ. ಒಂದು ದಿನ ಕೇಬಲ್‌ನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಎಂಟು ತಂತಿಗಳಲ್ಲಿ ನಾಲ್ಕು ಮಾತ್ರ ಪ್ಲಗ್ಗಿನೊಳಗೆ; ಉಳಿದ ನಾಲ್ಕನ್ನು ಹೊರಗೇ ಕತ್ತರಿಸಿದ್ದರು. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ತುದಿ ಬದಲಿಸಿದ ಸಂಜೆಯೇ 100 ಎಂಬಿ ದಾಟಿತು. ನೂರಾರು ಪುಟ್ಟ ಚಿತ್ರಗಳ ಫೋಲ್ಡರ್ ನಕಲಿಸುವಾಗ ಈಗಲೂ ತೆವಳುತ್ತದೆ. ಜಿಪ್ ಮಾಡಿ ಕಳಿಸುತ್ತೇನೆ.

ನಮ್ಮ ಹಳೆಯ ಸ್ಕ್ಯಾನರ್‌ಗೆ ಗೊತ್ತಿರುವುದು ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ. 2017ರಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಕುತಂತ್ರಾಂಶ ನುಗ್ಗಿದ್ದು ಅದೇ ಬಾಗಿಲಿನಿಂದ, ಹಾಗಾಗಿ ಅದನ್ನು ತೆರೆಯಲಿಲ್ಲ. ಸ್ಕ್ಯಾನರ್‌ಗೆಂದೇ ಒಂದು ಎಫ್‌ಟಿಪಿ ಫೋಲ್ಡರ್ ಉಳಿಸಿಕೊಂಡಿದ್ದೇನೆ. ಅದರ ಪಾಸ್‌ವರ್ಡ್ ತಂತಿಯ ಮೇಲೆ ಬಟಾಬಯಲಾಗಿ ಓಡಾಡುವುದರಿಂದ ಬೇರೆಲ್ಲೂ ಬಳಸುವುದಿಲ್ಲ. ಅಲ್ಲಿ ಬಿದ್ದದ್ದನ್ನು ರಾತ್ರಿ ಬಾಗಿಲು ಹಾಕುವ ಮುನ್ನ ಖಾಲಿ ಮಾಡುತ್ತೇನೆ.