ಮೊದಲ ಡಬಲ್ ಬೇಸ್: ಹೊಸದೋ, ಬಾಡಿಗೆಯದೋ, ಹಳೇ ಪ್ಲೈವುಡ್ಡೋ?

ಷಿಕಾಗೋ ಹತ್ತಿರ ಇರುವ ನನಗೆ ನಲವತ್ತು ದಾಟಿದ ಮೇಲೆ ಜಾಝ್ ಹುಚ್ಚು ಹಿಡಿಯಿತು. ಕೈಯಲ್ಲಿದ್ದದ್ದು 2,000 ಡಾಲರ್. ಪಿಟೀಲಿನಂತೆಯೇ ಕಾಣುವ, ಆದರೆ ಆಳೆತ್ತರದ, ತಗ್ಗು ದನಿಯ ವಾದ್ಯ ಡಬಲ್ ಬೇಸ್. ಅಂಥವು ಮೂರು ಮನೆಗೆ ಬಂದವು, ಎರಡು ವಾಪಸ್ ಹೋದವು. ಮೂರೂ 'ಮುಕ್ಕಾಲು' (3/4) ಸೈಜಿನವು. ಹೆಸರು ಕೇಳಿ ಮಕ್ಕಳದ್ದು ಅಂದುಕೊಳ್ಳಬೇಡಿ, ದೊಡ್ಡವರಲ್ಲಿ ಹೆಚ್ಚಿನವರು ನುಡಿಸುವುದು ಅದನ್ನೇ. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ "ಏನೋ ಇದು, ಪಿಟೀಲಿಗೆ ಆನೆಕಾಲು ಬಂದ ಹಾಗಿದೆ" ಅಂದರು.

ಮೊದಲು ಆನ್‌ಲೈನ್‌ನಲ್ಲಿ ಹೊಸದೊಂದನ್ನು ತರಿಸಿದೆ. ಚೀಲ, ಕಮಾನು ಎಲ್ಲ ಸೇರಿ 800 ಡಾಲರ್. ನೋಡಲು ಥಳಥಳ. ಆದರೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ (ಬ್ರಿಡ್ಜ್) ಕಾಲು ಮೇಲ್ಮೈ ಉಬ್ಬಿಗೆ ಕೂತೇ ಇರಲಿಲ್ಲ, ತಂತಿಗಳು ಎಷ್ಟು ಎತ್ತರದಲ್ಲಿದ್ದವು ಅಂದರೆ ಒತ್ತಿ ಒತ್ತಿ ಎರಡೇ ದಿನಕ್ಕೆ ಬೆರಳಲ್ಲಿ ಬೊಬ್ಬೆ. ಬೆರಳಿಂದ ತಂತಿ ಒತ್ತುವ ಪಟ್ಟಿ, ಅಂದರೆ ಫಿಂಗರ್‌ಬೋರ್ಡ್, ಕರಿಮರದ್ದು ಅಂತ ಬರೆದಿದ್ದರು. ಬೆರಳಿಗೆ ಮಸಿ ಹತ್ತಿದಾಗ ಗೊತ್ತಾಯಿತು, ಬರೀ ಬಣ್ಣ. ರಿಪೇರಿಯವರು ಹೊಸ ಕುದುರೆ, ಫಿಂಗರ್‌ಬೋರ್ಡ್ ಸಮ ಮಾಡುವುದು, ಒಳ್ಳೆ ತಂತಿ ಅಂತ 700 ಹೇಳಿದರು. 800ರ ಬೇಸಿಗೆ 700! ವಾಪಸ್ ಕಳಿಸೋಕೆ ಆ ಅಲ್ಮೇರಾದಂಥ ಡಬ್ಬಿಯನ್ನು ಮತ್ತೆ ಕಟ್ಟಿದ ಕಥೆ ಬೇಡ ಬಿಡಿ.

ಎರಡನೆಯದು ಬಾಡಿಗೆ, ತಿಂಗಳಿಗೆ 60. ಮುಂದೆ ಕೊಂಡರೆ ಕಟ್ಟಿದ ಬಾಡಿಗೆಯನ್ನು ಬೆಲೆಯಲ್ಲಿ ಕಳೆಯುತ್ತಾರೆ. ಮುಂಭಾಗ ಕೆತ್ತಿದ ಮರ, ಬೆನ್ನು, ಪಕ್ಕ ಪ್ಲೈವುಡ್. ಕಮಾನಿನಲ್ಲಿ ಎಳೆದರೆ ನಿಜಕ್ಕೂ ಎದೆ ತುಂಬುವ ನಾದ. ಕಷ್ಟ ಶುರುವಾಗಿದ್ದು ಜನವರಿಯಲ್ಲಿ. ಮನೆಯಲ್ಲಿ ಹೀಟರ್ ಓಡುತ್ತಿದ್ದರೆ ಗಾಳಿ ಒಣಗುತ್ತೆ, ಒಣಗಿದರೆ ಕೆತ್ತಿದ ಮರ ಬಿರಿಯುತ್ತೆ, ಹಾಗಾಗಿ ದಿನಾ ಹ್ಯುಮಿಡಿಫೈಯರ್‌ಗೆ ನೀರು ತುಂಬೋದೇ ಕೆಲಸ. ಒಂದು ಕಡೆ ಅಂಚಿನ ಅಂಟು ಬಿಟ್ಟಿತು ಕೂಡ. ಅದು ಗಾಬರಿಪಡುವಂಥದ್ದಲ್ಲ, ಮರ ಸೀಳದೆ ಅಂಟೇ ಬಿಡಲಿ ಅಂತಲೇ ಹಾಗೆ ಅಂಟಿಸಿರುತ್ತಾರೆ. ಆದರೂ ನನಗೆ ನಿದ್ದೆ ಬರಲಿಲ್ಲ. ಕೊಳ್ಳೋಕೆ ಕೇಳಿದ ಬೆಲೆಯೂ ನನ್ನ ಕೈಗೆ ಎಟುಕುವಂತಿರಲಿಲ್ಲ.

ಕೊನೆಗೆ ಸಿಕ್ಕಿದ್ದು 'ಕೇ' (Kay) ಕಂಪನಿಯ ಹಳೇದು. ಇದೇ ಷಿಕಾಗೋದಲ್ಲಿ 1937ರಿಂದ 60ರ ದಶಕದ ಕೊನೆವರೆಗೆ ತಯಾರಾದ ಪ್ಲೈವುಡ್ ಬೇಸ್. ಒಳಗಿನ ಸೀರಿಯಲ್ ನಂಬರ್ ನೋಡಿದರೆ ನಂದು 50ರ ದಶಕದ್ದು. ವಾರ್ನಿಷ್ ಎದ್ದಿದೆ, ಮೈಯೆಲ್ಲ ಗಾಯ. 1,500 ಕೊಟ್ಟೆ, ಕುದುರೆ, ತಂತಿ ಎಲ್ಲ ಹೊಂದಿಸುವ ಸೆಟಪ್‌ಗೆ 450. ಈಗ ತಂತಿ ಬೆರಳಿಗೆ ಹಿತವಾಗಿ ಸಿಗುತ್ತೆ, ಬೆರಳಲ್ಲಿ ಮೀಟಿದರೆ ಗುಂ ಅಂತ ಎದ್ದು ಬೇಗ ಮುಗಿಯುತ್ತೆ, ಜಾಝ್‌ನ ನಡೆಗೆ ಅದೇ ಬೇಕು. ಚಳಿಗಾಲಕ್ಕೂ ಅಷ್ಟಾಗಿ ಜಗ್ಗಲ್ಲ. ಹಳೇದು ನೋಡಲು ಹೋದರೆ ಗೀರುಗಳನ್ನು ಬಿಡಿ, ಕತ್ತು ಮೈಗೆ ಸೇರುವ ಜಾಗ ನೋಡಿ. ಅಲ್ಲಿ ಬಿರುಕಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಫೋನ್ ವಿಡಿಯೋದಲ್ಲಿ ಕೇಳಿ ತೀರ್ಮಾನಿಸಬೇಡಿ. ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್, ಆ ಚಿಕ್ಕ ಸ್ಪೀಕರ್‌ನಲ್ಲಿ ಅದು ಬರೋದೇ ಇಲ್ಲ.

ಕಮಾನಿನಲ್ಲಿ ಮಾತ್ರ ಇದು ಬಾಡಿಗೆಯದರ ಹತ್ತಿರವೂ ಸುಳಿಯಲ್ಲ, ಸ್ವಲ್ಪ ಮೂಗಿನ ದನಿ. ಆರ್ಕೆಸ್ಟ್ರಾ ಆಸೆ ಇದ್ದವರು ಬಾಡಿಗೆ ಕಟ್ಟುತ್ತಾ ದುಡ್ಡು ಕೂಡಿಸಲಿ. ನನ್ನ ಕಮಾನು ಸುಮ್ನೆ ಗೋಡೆಗೆ ನೇತಾಡುತ್ತಿದೆ.