ಸೋಲ್ ಆಲ್ಬಮ್‌ಗಳ ಹತ್ತರ ಪಟ್ಟಿ: ಮೊದಲು ಎರಡನೇ ಬದಿ ಕೇಳಿ

ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ಹತ್ತು ಶ್ರೇಷ್ಠ ಆಲ್ಬಮ್ ಹೆಸರಿಸಿ ಎಂದರೆ ಐದಾರು ಹೆಸರು ಎಲ್ಲರ ಬಾಯಲ್ಲೂ ಒಂದೇ ಬರುತ್ತವೆ. ಜಗಳವೆಲ್ಲ ಉಳಿದವಕ್ಕೆ. ನನಗೋ ಆ ಮೊದಲ ಐದಾರರ ಮೇಲೇ ತಕರಾರು. ಒಂದು ಒಳ್ಳೆಯ ಹಾಡಿನ ನೆನಪಿಗೆ ಇಡೀ ಆಲ್ಬಮ್ಮಿಗೆ ಅಂಕ ಕೊಟ್ಟುಬಿಡುತ್ತೇವೆ. ಹಾಗಾಗಿ ನಾನು ಒಂದೇ ಕಟ್ಟಳೆ ಇಟ್ಟುಕೊಂಡಿದ್ದೇನೆ: ಎಲ್‌ಪಿಯ, ಅಂದರೆ ಎರಡೂ ಬದಿ ಹಾಡಿರುವ ದೊಡ್ಡ ರೆಕಾರ್ಡಿನ, ಎರಡನೇ ಬದಿ. ಗೆದ್ದ ಹಾಡನ್ನು ಮೊದಲ ಬದಿಯಲ್ಲಿಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಹಿಂದಿನ ಬದಿಗೆ ತುರುಕಿದ ರೆಕಾರ್ಡು ಎಷ್ಟೇ ಹೆಸರು ಮಾಡಿರಲಿ, ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಇನ್ನೊಂದು ಮಾತು: ನಾನು ಬೇಸ್ ಗಿಟಾರ್ ನುಡಿಸುವವನು. ಪಕ್ಷಪಾತ ಇದ್ದೇ ಇರುತ್ತದೆ, ಸಹಿಸಿಕೊಳ್ಳಿ.

ಈ ಕಟ್ಟಳೆಯಿಂದ ಮೊದಲ ಪೆಟ್ಟು ಬೀಳುವುದು ಡೆಟ್ರಾಯಿಟ್‌ನ ರೆಕಾರ್ಡ್ ಕಂಪನಿ ಮೋಟೌನ್‌ಗೆ. ನನ್ನ ಗೆಳೆಯನೊಬ್ಬ ಸುಪ್ರೀಮ್ಸ್ ತಂಡದ ‘ವೇರ್ ಡಿಡ್ ಅವರ್ ಲವ್ ಗೋ’ ಬಿಟ್ಟು ಪಟ್ಟಿ ಮಾಡುವುದಾದರೆ ತಾನು ಬರುವುದೇ ಇಲ್ಲ ಎನ್ನುತ್ತಾನೆ. 1964ರ ಆ ಒಂದೇ ಆಲ್ಬಮ್‌ನಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ ಹಾಡುಗಳು ಮೂರಿವೆ ಎಂಬುದು ಅವನ ವಾದ. ನಿಜವೇ. ಆದರೆ ಆ ಮೂರನ್ನು ತೆಗೆದಿಟ್ಟು ಉಳಿದದ್ದನ್ನು ಕೇಳಿ, ಆಮೇಲೆ ಮಾತಾಡೋಣ. ಮೋಟೌನ್‌ನವರ ಪ್ರತಿಭೆ ಇದ್ದದ್ದು ಮೂರು ನಿಮಿಷದೊಳಗಿನ ಸಿಂಗಲ್‌ನಲ್ಲಿ, ಅಂದರೆ ಬದಿಗೊಂದೇ ಹಾಡಿರುವ ಸಣ್ಣ ರೆಕಾರ್ಡಿನಲ್ಲಿ. ಯಾವ ಹಾಡು ಹೊರಗೆ ಬರಬೇಕೆಂದು ಅವರು ವಾರವಾರ ಕೂತು ಮತ ಹಾಕುತ್ತಿದ್ದರು. ಅರವತ್ತರ ದಶಕದ ಸೋಲ್ ಎಂದರೆ ಬಹುಪಾಲು ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗುವ ಆ ಸಣ್ಣ ರೆಕಾರ್ಡುಗಳ ಸಂಗೀತ. ಅದನ್ನು ಆಲ್ಬಮ್‌ಗಳ ಪಟ್ಟಿಯಲ್ಲಿ ಅಳೆಯಲು ಹೊರಟರೆ ಟೆಂಪ್ಟೇಷನ್ಸ್, ಫೋರ್ ಟಾಪ್ಸ್‌ನಂಥ ದೊಡ್ಡವರೇ ಹೊರಗುಳಿಯುತ್ತಾರೆ. ‘ಗ್ರೇಟೆಸ್ಟ್ ಹಿಟ್ಸ್’ ಸಂಕಲನ ಸೇರಿಸೋಣವೇ ಎಂದು ಗೆಳೆಯ ಚೌಕಾಸಿಗೆ ಇಳಿದ. ಬೇಡ. ಅದಕ್ಕೆ ಬೇರೆ ಪಟ್ಟಿ ಮಾಡಿಕೊಳ್ಳಲಿ.

ಆ ದಶಕದ ಸ್ಟುಡಿಯೋ ಆಲ್ಬಮ್‌ಗಳಲ್ಲಿ ಎರಡನ್ನು ಮಾತ್ರ ಕಣ್ಣುಮುಚ್ಚಿ ಒಪ್ಪುತ್ತೇನೆ. ಒಂದು ಓಟಿಸ್ ರೆಡಿಂಗ್‌ನ ‘ಓಟಿಸ್ ಬ್ಲೂ’. 1965ರ ಜುಲೈನಲ್ಲಿ ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಮುಗಿದ ಕೆಲಸ ಅದು. ನಡುವೆ ಬಿಡುವು ಕೊಟ್ಟದ್ದೂ ವಾದ್ಯಗಾರರು ರಾತ್ರಿ ಕ್ಲಬ್ಬುಗಳಲ್ಲಿ ನುಡಿಸಲು ಹೋಗಬೇಕಿತ್ತೆಂದು. ಇರುವ ಹನ್ನೊಂದು ಹಾಡಿನಲ್ಲಿ ಓಟಿಸ್ ಬರೆದದ್ದು ಮೂರೇ, ಉಳಿದವೆಲ್ಲ ಎರವಲು. ಎರಡನೇ ಬದಿಯಲ್ಲಂತೂ ಅವನ ಸ್ವಂತ ಹಾಡು ಒಂದೂ ಇಲ್ಲ. ಆದರೂ ‘ಸ್ಯಾಟಿಸ್ಫ್ಯಾಕ್ಷನ್’ ಹಾಡುವಾಗ ರೋಲಿಂಗ್ ಸ್ಟೋನ್ಸ್ ನೆನಪಿಗೆ ಬರುವುದೇ ಇಲ್ಲ, ಅದು ಅವನದ್ದೇ ಆಗಿಬಿಟ್ಟಿದೆ. ಅಲ್ ಜಾಕ್ಸನ್‌ನ ಡ್ರಮ್ಸ್, ಡಕ್ ಡನ್‌ನ ಬೇಸ್ ಎರಡೂ ಒಂದೇ ಮೈಯ ಎರಡು ಕಾಲು.

ಇನ್ನೊಂದು 1967ರಲ್ಲಿ ಬಂದ ಅರೀತಾ ಫ್ರಾಂಕ್ಲಿನ್‌ಳ ‘ಐ ನೆವರ್ ಲವ್ಡ್ ಎ ಮ್ಯಾನ್ ದ ವೇ ಐ ಲವ್ ಯೂ’. ಇವೆರಡನ್ನೂ ಒಂದರ ಹಿಂದೊಂದು ಕೇಳಬೇಕು. ‘ರೆಸ್ಪೆಕ್ಟ್’ ಎರಡರಲ್ಲೂ ಇದೆ, ಸ್ಯಾಮ್ ಕುಕ್‌ನ ‘ಎ ಚೇಂಜ್ ಈಸ್ ಗೋನಾ ಕಮ್’ ಕೂಡ. ಓಟಿಸ್‌ನ ‘ರೆಸ್ಪೆಕ್ಟ್’ ಮನೆಗೆ ಬಂದ ಗಂಡಸಿನ ಅಹವಾಲು. ಅರೀತಾಳದ್ದು ಬಾಗಿಲಲ್ಲಿ ನಿಂತು ಹಾಕಿದ ಷರತ್ತು. ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿ ಮೊದಲ ದಿನವೇ ಜಗಳವಾಗಿ ಧ್ವನಿಮುದ್ರಣ ನಿಂತುಹೋಗಿ, ಆಮೇಲೆ ಅಲ್ಲಿನ ವಾದ್ಯಗಾರರನ್ನೇ ನ್ಯೂಯಾರ್ಕ್‌ಗೆ ಕರೆಸಿ ಆಲ್ಬಮ್ ಮುಗಿಸಿದರು. ಪಿಯಾನೋದಲ್ಲಿ ಅರೀತಾಳೇ ಕೂತಿದ್ದಾಳೆ, ಹಾಡಿನ ನಡೆ ಪೂರಾ ಅವಳ ಹಿಡಿತದಲ್ಲಿದೆ. ಹಿಂದೆ ಕೊಲಂಬಿಯಾ ಕಂಪನಿಗೆ ಹಾಡಿದ ವರ್ಷಗಳಲ್ಲಿ ಈ ಹಿಡಿತ ಇಷ್ಟು ಗಟ್ಟಿಯಾಗಿ ಕಾಣುವುದಿಲ್ಲ. ಎರಡನೇ ಬದಿಯಲ್ಲಿ ‘ಡಾಕ್ಟರ್ ಫೀಲ್‌ಗುಡ್’ ಇರುವ ಆಲ್ಬಮ್ಮಿಗೆ ನನ್ನ ಕಟ್ಟಳೆಯ ಭಯವೇ ಇಲ್ಲ.

ಈಗ ಮಾರ್ವಿನ್ ಗೇ. ‘ವಾಟ್ಸ್ ಗೋಯಿಂಗ್ ಆನ್’, 1971. ರೋಲಿಂಗ್ ಸ್ಟೋನ್ ಪತ್ರಿಕೆ 2020ರಲ್ಲಿ ಎಲ್ಲ ಪ್ರಕಾರದ ಆಲ್ಬಮ್‌ಗಳಲ್ಲೂ ಇದಕ್ಕೇ ಮೊದಲ ಸ್ಥಾನ ಕೊಟ್ಟಿತು. ಇದು ಪಟ್ಟಿಯಲ್ಲಿರಬೇಕೇ? ಇರಲೇಬೇಕು. ಒಂದನೇ ಸ್ಥಾನವೇ? ನನ್ನ ಲೆಕ್ಕದಲ್ಲಿ ಅಲ್ಲ. ಮೊದಲ ಬದಿಯ ಆರು ಹಾಡು ಒಂದರೊಳಗೊಂದು ಕರಗಿ ಹರಿಯುತ್ತವೆ, ಅದಕ್ಕೆ ಸಾಟಿಯಿಲ್ಲ. ಶೀರ್ಷಿಕೆ ಹಾಡಿನ ಬೇಸ್ ಅನ್ನು ಜೇಮ್ಸ್ ಜೇಮರ್‌ಸನ್ ಕುಡಿದ ಅಮಲಿನಲ್ಲಿ ನೆಲದ ಮೇಲೆ ಅಂಗಾತ ಮಲಗಿ ನುಡಿಸಿದ ಎಂಬ ಕತೆ ಬೇಸ್ ಹಿಡಿದವರಿಗೆಲ್ಲ ಗೊತ್ತು. ಕತೆ ಹೇಗೇ ಇರಲಿ, ಒಂದೇ ಬೆರಳಲ್ಲಿ ತಂತಿ ಮೀಟುತ್ತಿದ್ದವನ ಆ ಓಟವನ್ನು ನೆಟ್ಟಗೆ ಕೂತೂ ನನ್ನಿಂದ ನುಡಿಸಲಾಗುವುದಿಲ್ಲ. ಆದರೆ ಎರಡನೇ ಬದಿ ಹಾಕಿ. ‘ರೈಟ್ ಆನ್’ ಏಳು ನಿಮಿಷ ಮೀರಿ ಅಲೆಯುತ್ತದೆ. ಕೊಳಲು ಚೆನ್ನಾಗಿದೆ, ತಾಳ ಚೆನ್ನಾಗಿದೆ, ಹಾಡು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಆ ಬದಿಯ ಮಾನ ಕಾಪಾಡುವುದು ಬಾಬ್ ಬ್ಯಾಬಿಟ್ ಬೇಸ್ ನುಡಿಸಿದ ‘ಇನ್ನರ್ ಸಿಟಿ ಬ್ಲೂಸ್’. ನಾಲ್ಕನೇ ಸ್ಥಾನ ಕೊಡುತ್ತೇನೆ, ಕಲ್ಲು ಹೊಡೆಯುವವರು ಹೊಡೆಯಲಿ.

ಸ್ಟೀವಿ ವಂಡರ್ ವಿಷಯದಲ್ಲಿ ಪ್ರಶ್ನೆ ಯಾವ ಆಲ್ಬಮ್ ಎಂಬುದಷ್ಟೇ. ಬಹುತೇಕರು 1976ರ ‘ಸಾಂಗ್ಸ್ ಇನ್ ದ ಕೀ ಆಫ್ ಲೈಫ್’ ಎನ್ನುತ್ತಾರೆ. ಎರಡು ಎಲ್‌ಪಿ, ಜೊತೆಗೆ ನಾಲ್ಕು ಹಾಡಿನ ಸಣ್ಣ ರೆಕಾರ್ಡು, ಒಟ್ಟು 21 ಹಾಡು. ಔದಾರ್ಯ ಹೆಚ್ಚಾದರೂ ಕಷ್ಟ. ಆರು, ಎಂಟು ನಿಮಿಷ ಎಳೆಯುವ ಹಾಡುಗಳಲ್ಲಿ ಕೊನೆಯ ಎರಡು ನಿಮಿಷ ಕತ್ತರಿಸಿದ್ದರೆ ಯಾರಿಗೂ ನಷ್ಟವಾಗುತ್ತಿರಲಿಲ್ಲ. ನನ್ನ ಓಟು 1973ರ ‘ಇನ್ನರ್‌ವಿಷನ್ಸ್’ಗೆ. ಒಂಬತ್ತೇ ಹಾಡು. ‘ಲಿವಿಂಗ್ ಫಾರ್ ದ ಸಿಟಿ’ಯಲ್ಲಿ ಎಲ್ಲ ವಾದ್ಯವನ್ನೂ ಅವನೊಬ್ಬನೇ ನುಡಿಸಿದ್ದಾನೆ, ಬೇಸ್ ಕೂಡ ಸಿಂಥಸೈಜರ್‌ನದ್ದು. ಅಂಥದ್ದನ್ನು ನನ್ನಂಥವನು ಮೆಚ್ಚಬಾರದು, ಆದರೆ ಮೆಚ್ಚುತ್ತೇನೆ. ಎರಡನೇ ಬದಿ ಶುರುವಾಗುವುದೇ ‘ಹೈಯರ್ ಗ್ರೌಂಡ್’ನಿಂದ.

ಸಾಮಾನ್ಯವಾಗಿ ಇಂಥ ಪಟ್ಟಿಗಳು ಕಡೆಗಣಿಸುವುದು ಸಂಗೀತ ಕಛೇರಿಯ ಧ್ವನಿಮುದ್ರಣಗಳನ್ನು. ಅವು ಲೆಕ್ಕಕ್ಕಿಲ್ಲ, ಹಳೆಯ ಹಾಡನ್ನೇ ಮತ್ತೆ ಹಾಡಿದ್ದಲ್ಲವೇ ಎನ್ನುವವರಿದ್ದಾರೆ. 1962ರಲ್ಲಿ ಕಿಂಗ್ ರೆಕಾರ್ಡ್ಸ್‌ನ ಮಾಲೀಕ ಸಿಡ್ ನೇಥನ್ ಕೂಡ ಹೀಗೇ ಹೇಳಿ ದುಡ್ಡು ಹಾಕಲು ಒಪ್ಪಲಿಲ್ಲ. ಜೇಮ್ಸ್ ಬ್ರೌನ್ ಸ್ವಂತ ಹಣ ಸುರಿದು ಹಾರ್ಲೆಮ್‌ನ ಅಪೋಲೊ ಥಿಯೇಟರಿನಲ್ಲಿ ಮುದ್ರಿಸಿಕೊಂಡ. ಮುಂದಿನ ವರ್ಷ ಹೊರಬಂದ ಆ ರೆಕಾರ್ಡು, ‘ಲೈವ್ ಅಟ್ ದ ಅಪೋಲೊ’, ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಮ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿ 66 ವಾರ ನಿಂತಿತು. ‘ಲಾಸ್ಟ್ ಸಮ್‌ವನ್’ ಹತ್ತು ನಿಮಿಷಕ್ಕೂ ಉದ್ದ. ಮೂಲ ಎಲ್‌ಪಿಯಲ್ಲಿ ಅದು ಮೊದಲ ಬದಿಯಲ್ಲಿ ಅರ್ಧಕ್ಕೆ ನಿಂತು ಎರಡನೇ ಬದಿಯಲ್ಲಿ ಮುಂದುವರಿಯುತ್ತದೆ. ರೆಕಾರ್ಡು ಮಗುಚದೆ ವಿಧಿಯಿಲ್ಲ. ಅವನು ಒಂದು ಸಾಲು ಹೇಳಿ ನಿಲ್ಲಿಸುತ್ತಾನೆ, ಸಭೆಯಲ್ಲಿ ಹೆಂಗಸೊಬ್ಬಳು ಕಿರುಚುತ್ತಾಳೆ, ಆ ಕಿರುಚಿಗೆ ಕಾದು ಮುಂದಿನ ಸಾಲು ಎತ್ತುತ್ತಾನೆ. ಸ್ಟುಡಿಯೋದ ಗಾಜಿನ ಹಿಂದೆ ಇದು ಹುಟ್ಟುವುದಿಲ್ಲ. ಸ್ಯಾಮ್ ಕುಕ್ 1963ರ ಜನವರಿಯಲ್ಲಿ ಮಯಾಮಿಯ ಹಾರ್ಲೆಮ್ ಸ್ಕ್ವೇರ್ ಕ್ಲಬ್ಬಿನಲ್ಲಿ ಹಾಡಿದ್ದಂತೂ ಹೊರಬಂದದ್ದೇ 1985ರಲ್ಲಿ. ಅವನ ನುಣುಪಾದ ರೇಡಿಯೋ ಧ್ವನಿ ಮಾತ್ರ ಗೊತ್ತಿದ್ದವರು ಈ ಒರಟನ್ನು ಕೇಳಿ ಹೌಹಾರುತ್ತಾರೆ.

ನನ್ನ ಮೊದಲ ಸ್ಥಾನವೂ ಕಛೇರಿಗೇ: ಡಾನಿ ಹ್ಯಾಥವೇಯ ‘ಲೈವ್’, 1972. ಮೊದಲ ಬದಿ ಹಾಲಿವುಡ್‌ನ ಟ್ರೂಬಡೋರ್, ಎರಡನೇ ಬದಿ ನ್ಯೂಯಾರ್ಕ್‌ನ ಬಿಟರ್ ಎಂಡ್, ಎರಡೂ ಪುಟ್ಟ ಜಾಗಗಳು. ಶುರುವೇ ಮಾರ್ವಿನ್‌ನ ‘ವಾಟ್ಸ್ ಗೋಯಿಂಗ್ ಆನ್’ನಿಂದ, ಅದೂ ಆ ಆಲ್ಬಮ್ ಬಂದ ವರ್ಷವೇ ಹಾಡಿದ್ದು. ‘ಯೂವ್ ಗಾಟ್ ಎ ಫ್ರೆಂಡ್’ ಬಂದಾಗ ಪಲ್ಲವಿಯನ್ನು ಸಭೆಯೇ ಹಾಡುತ್ತದೆ, ಡಾನಿ ಸುಮ್ಮನೆ ಪಕ್ಕವಾದ್ಯ ಕೊಡುತ್ತಾನೆ. ಎರಡನೇ ಬದಿಯ ಕೊನೆಗೆ ‘ವಾಯ್ಸಸ್ ಇನ್‌ಸೈಡ್’. ಅದರಲ್ಲಿ ವಿಲೀ ವೀಕ್ಸ್‌ನ ಬೇಸ್ ಸೋಲೋ ತೀರಾ ಮೆಲ್ಲಗೆ, ಎರಡೇ ಸ್ವರ ಇಟ್ಟುಕೊಂಡು ಆಡುವವನಂತೆ ಹೊರಡುತ್ತದೆ. ಜನ ಕೂಗಿ ಹುರಿದುಂಬಿಸಿದಷ್ಟೂ ಅವನು ಅವಸರ ಮಾಡುವುದಿಲ್ಲ. ಬೇಸ್ ಕಲಿಯುವವರಿಗೆ ನಾನು ಮೊದಲು ಕೇಳಿಸುವುದು ಇದನ್ನೇ.

ಅಲ್ ಗ್ರೀನ್‌ನ ‘ಕಾಲ್ ಮಿ’ (1973) ಬಗ್ಗೆ ವಾದವೇ ಬೇಡ, ಬರಲಿ. ಅದೇ ಹೆಸರಿನ ಸಿನಿಮಾಕ್ಕೆ ಕರ್ಟಿಸ್ ಮೇಫೀಲ್ಡ್ ಮಾಡಿದ ‘ಸೂಪರ್ ಫ್ಲೈ’ (1972) ಕೂಡ. ಸಿನಿಮಾದ ನಾಯಕ ಮಾರುವ ಮಾದಕವಸ್ತುವಿನ ವಿರುದ್ಧ ಸಿನಿಮಾದ ಹಾಡುಗಳೇ ಸಾಕ್ಷಿ ಹೇಳುವುದನ್ನು ಬೇರೆಲ್ಲಿ ಕೇಳಲಿ? ಡಸ್ಟಿ ಸ್ಪ್ರಿಂಗ್‌ಫೀಲ್ಡ್‌ಳ ‘ಡಸ್ಟಿ ಇನ್ ಮೆಂಫಿಸ್’ ಸುಂದರವಾದ ಪಾಪ್ ಆಲ್ಬಮ್, ಬೇರೆ ಪಟ್ಟಿಗೆ ಸೇರಲಿ. ಅರೀತಾಳ ‘ಅಮೇಜಿಂಗ್ ಗ್ರೇಸ್’ ಗಾಸ್ಪೆಲ್, ಅಂದರೆ ಚರ್ಚಿನ ಭಕ್ತಿಗೀತೆ, ಎಂಬ ಒಂದೇ ಕಾರಣಕ್ಕೆ ಹೊರಗಿಟ್ಟಿದ್ದೇನೆ, ಮನಸ್ಸಿಲ್ಲದೆ.

ಉಳಿದದ್ದು ಹತ್ತನೇ ಜಾಗ. ಗೆಳೆಯ ಐಸಾಕ್ ಹೇಯ್ಸ್‌ನ ‘ಹಾಟ್ ಬಟರ್ಡ್ ಸೋಲ್’ (1969) ಹಿಡಿದು ಕೂತಿದ್ದಾನೆ. ನಾಲ್ಕೇ ಹಾಡು. ಹನ್ನೆರಡು ನಿಮಿಷದ ‘ವಾಕ್ ಆನ್ ಬೈ’ಗೆ ನಾನೂ ತಲೆಬಾಗುತ್ತೇನೆ. ಆದರೆ ಎರಡನೇ ಬದಿಯಲ್ಲಿ 18 ನಿಮಿಷ ದಾಟುವ ‘ಫೀನಿಕ್ಸ್’ ಇದೆ, ಅದರಲ್ಲಿ ಹಾಡು ಶುರುವಾಗುವ ಮೊದಲು ಎಂಟು ನಿಮಿಷ ಹರಿಕಥೆ. ನನ್ನ ಆಯ್ಕೆ ಆನ್ ಪೀಬಲ್ಸ್‌ಳ ‘ಐ ಕಾಂಟ್ ಸ್ಟ್ಯಾಂಡ್ ದ ರೇನ್’, 1974. ಅಲ್ ಗ್ರೀನ್ ಹಾಡಿದ ಅದೇ ಮೆಂಫಿಸ್ ಸ್ಟುಡಿಯೋ, ಅದೇ ವಿಲೀ ಮಿಚೆಲ್‌ನ ನಿರ್ಮಾಣ, ಬೇಸ್‌ನಲ್ಲಿ ಅದೇ ಲೆರಾಯ್ ಹಾಜಸ್. ಎರಡೂ ಬದಿ ಸೇರಿದರೂ ಅರ್ಧ ಗಂಟೆ ಆಗುವುದಿಲ್ಲ. ಅರೀತಾ ಬಿಟ್ಟರೆ ಹೆಣ್ಣಿನ ಹೆಸರೇ ಇಲ್ಲದ ಸೋಲ್ ಪಟ್ಟಿ ಮಾಡುವವರಿಗೆ ಈ ರೆಕಾರ್ಡು ಎಲ್ಲಿ ಕಾಣದೆ ಹೋಯಿತೋ! ಗೆಳೆಯ ಇನ್ನೂ ಒಪ್ಪಿಲ್ಲ. ‘ಫೀನಿಕ್ಸ್’ ಪೂರ್ತಿ ಕೇಳಿದ ಮೇಲೆ ಮಾತಾಡು ಎನ್ನುತ್ತಾನೆ.